500-ಡಿ ಹತ್ತಿ ಉಲ್ಟಾ ಹೋದೆ: ಬೆಂಗಳೂರಿನ ಬಸ್ ನಂಬರ್ ಓದೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಬಸ್‌ಸ್ಟಾಪಲ್ಲಿ ನಿಂತ್ಕೊಂಡೇ ಇದನ್ನ ಕೇಳ್ತಿರೋರು ನಿಮ್ಮಲ್ಲಿ ಒಂದಷ್ಟು ಜನ ಇದ್ದೇ ಇರ್ತೀರಿ. ದಯವಿಟ್ಟು ಒಂದು ಕಿವಿ ಖಾಲಿ ಬಿಟ್ಕೊಳ್ಳಿ. ನನ್ನ ಮಾತು ಕೇಳ್ತಾ ಬಸ್ ಮಿಸ್ ಮಾಡ್ಕೊಂಡ್ರೆ ಆ ಪಾಪ ನನಗೆ ಬೇಡ.

ಇವತ್ತಿನ ವಿಷಯ ಬಸ್ಸೇ. ಹೊಸದಾಗಿ ಬೆಂಗಳೂರಿಗೆ ಬಂದವರಿಗೆ ಇಲ್ಲಿನ ಸಿಟಿ ಬಸ್ ಯಾಕೆ ಅಷ್ಟು ತಲೆಬಿಸಿ ಮಾಡುತ್ತೆ, ಅದನ್ನ ಅರ್ಥ ಮಾಡ್ಕೊಳ್ಳೋದು ಹೇಗೆ ಅಂತ. ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳ್ಬಿಡ್ತೀನಿ.

2019ರ ಜುಲೈ. ಬಿ.ಕಾಂ ಮುಗಿಸಿ ರಾಣೆಬೆನ್ನೂರಿನಿಂದ ಬಂದು ನಾಲ್ಕನೇ ದಿನ. ಮಾರತ್ತಹಳ್ಳಿಯಲ್ಲಿ ಪಿಜಿ. ಬೆಳ್ಳಂದೂರಿನ ಒಂದು ಆಫೀಸಲ್ಲಿ ಬೆಳಗ್ಗೆ ಹತ್ತೂವರೆಗೆ ಅಕೌಂಟ್ಸ್ ಕೆಲಸದ ಇಂಟರ್‌ವ್ಯೂ. ರೂಮ್‌ಮೇಟ್ ನಿದ್ದೆಗಣ್ಣಲ್ಲೇ ಹೇಳಿದ: "500-ಡಿ ಹತ್ತು ಮಗಾ, ಒಂದೇ ಬಸ್ಸು." ಒಂಬತ್ತೂಕಾಲಿಗೇ ಸ್ಟಾಪಲ್ಲಿದ್ದೆ. 500-ಡಿ ಬಂತು. ಅಷ್ಟೇ ಸಾಕಲ್ಲ? ಮುಂದಿನ ಬಾಗಿಲಲ್ಲಿ ಹತ್ತೋಕೆ ಹೋದೆ, ಒಬ್ಬರು ಆಂಟಿ "ಇದು ಲೇಡೀಸ್ ಡೋರ್ ಕಣಪ್ಪ, ಹಿಂದೆ ಹತ್ತು" ಅಂದ್ರು. ಹಿಂದೆ ಓಡಿ ಹತ್ತಿದೆ. ಕಾಲಿಡೋಕೂ ಜಾಗ ಇರಲಿಲ್ಲ. ಆ ನೂಕುನುಗ್ಗಲಲ್ಲಿ ಕಂಡಕ್ಟರ್ ನನ್ನ ಹತ್ತಿರ ಬರೋ ಹೊತ್ತಿಗೆ ಬಸ್ ಮಹದೇವಪುರ ತಲುಪಿತ್ತು.

"ಬೆಳ್ಳಂದೂರು ಒಂದು" ಅಂದೆ. ಅವರು ಟಿಕೆಟ್ ಮೆಷಿನ್ನಿಂದ ತಲೆ ಎತ್ತಿ ನನ್ನ ಮುಖ ನೋಡಿದ್ರು. "ಬೆಳ್ಳಂದೂರು ಆ ಕಡೆ ಸ್ವಾಮಿ. ಇದು ಹೆಬ್ಬಾಳಕ್ಕೆ ಹೋಗೋದು. ಇಳಿದು ರೋಡ್ ದಾಟಿ."

ನಂಬರ್ ಸರಿ, ದಿಕ್ಕು ತಪ್ಪು. ಬೋರ್ಡ್ ಮೇಲೆ 'ಹೆಬ್ಬಾಳ' ಅಂತ ಇದ್ದಿರಬೇಕು. ನಾನು ನಂಬರ್ ನೋಡಿದ ಖುಷಿಯಲ್ಲಿ ಅದನ್ನ ಓದಲೇ ಇಲ್ಲ. ಓದಿದ್ರೂ ಏನು ಪ್ರಯೋಜನ ಇತ್ತು ಹೇಳಿ? ಹೆಬ್ಬಾಳ ಎಲ್ಲಿದೆ, ಸಿಲ್ಕ್ ಬೋರ್ಡ್ ಎಲ್ಲಿದೆ, ಬೆಳ್ಳಂದೂರು ಯಾವುದರ ಕಡೆಗಿದೆ, ನಾಲ್ಕು ದಿನದ ಹಿಂದೆ ಬಂದವನಿಗೆ ಯಾವುದೂ ಗೊತ್ತಿರಲಿಲ್ಲ. ಇಳಿದೆ, ರೋಡ್ ದಾಟಿದೆ, ಇನ್ನೊಂದು ಬಸ್ ಹಿಡಿದೆ. ರಿಂಗ್ ರೋಡಿನ ಆ ಟ್ರಾಫಿಕಲ್ಲಿ ಬೆಳ್ಳಂದೂರು ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ರಿಸೆಪ್ಷನ್‌ನಲ್ಲಿದ್ದವರು ಲಿಸ್ಟ್ ನೋಡಿ, "ಈ ಸ್ಲಾಟ್ ಮುಗೀತು, ಮತ್ತೆ ಕರೀತೀವಿ" ಅಂದ್ರು. ಕರೀಲಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿದೆ. "ಹೆಂಗಾತು?" ಅಂದ್ಲು.

"ತಪ್ಪು ಬಸ್ ಹತ್ತಿದ್ನಿ ಅವ್ವಾ."

"ಬೋರ್ಡ್ ನೋಡ್ಲಿಲ್ಲೇನೋ?"

"ನಂಬರ್ ನೋಡಿದ್ನಿ."

"ನಂಬರ್ ನೋಡಿ ಯಾರರ ಬಸ್ ಹತ್ತತಾರೇನೋ!"

ಅವಳ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸರಿ. ನಮ್ಮೂರ ಸ್ಟ್ಯಾಂಡಲ್ಲಿ ರೂಟ್ ನಂಬರ್ ಯಾರಿಗೆ ಬೇಕು? ಹಿರೇಕೆರೂರು, ಬ್ಯಾಡಗಿ, ಗುತ್ತಲ ಅಂತ ಊರಿನ ಹೆಸರು ಇರುತ್ತೆ. ಕಂಡಕ್ಟರ್ ಕೆಳಗಿಳಿದು ಊರಿನ ಹೆಸರು ಕೂಗ್ತಾನೆ. ಅಲ್ಲಿ ಬಸ್ ಅಂದ್ರೆ ಒಂದು ಊರು. ಬೆಂಗಳೂರಲ್ಲಿ ಬಸ್ ಅಂದ್ರೆ ಒಂದು ನಂಬರ್, ಅದಕ್ಕೊಂದು ಬಾಲ, ಜೊತೆಗೆ ಎರಡು ತುದಿ. ಈ ಮೂರನ್ನೂ ಒಟ್ಟಿಗೆ ಓದಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಈ ಸಂಚಿಕೆ.

ಬನ್ನಿ, ನಂಬರಿನಿಂದ ಶುರು ಮಾಡೋಣ. ನನಗೆ ಇದು ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು, ನಿಮಗೆ ಎರಡು ನಿಮಿಷ ಸಾಕು.

ಕಣ್ಣು ಮುಚ್ಚಿ ಒಂದು ಗಡಿಯಾರ ನೆನಪಿಸ್ಕೊಳ್ಳಿ. ಬಸ್ಸಲ್ಲಿ ನಿಂತಿದ್ರೆ ಮುಚ್ಚಬೇಡಿ, ಜೇಬು ನೋಡ್ಕೊಳ್ಳಿ. ಗಡಿಯಾರದ ನಟ್ಟನಡುವೆ ಮೆಜೆಸ್ಟಿಕ್. ಆರು ಗಂಟೆ ಇರೋ ಜಾಗ ದಕ್ಷಿಣ, ಹನ್ನೆರಡು ಉತ್ತರ. ಮೆಜೆಸ್ಟಿಕ್, ಮಾರ್ಕೆಟ್ ಕಡೆಯಿಂದ ಹೊರಗಿನ ಬಡಾವಣೆಗಳಿಗೆ ಹೋಗೋ ಬಸ್‌ಗಳ ನಂಬರ್ ದಕ್ಷಿಣದಲ್ಲಿ ಇನ್ನೂರರ ಆಸುಪಾಸಲ್ಲಿ ಶುರುವಾಗಿ, ಗಡಿಯಾರದ ಮುಳ್ಳಿನ ಹಾಗೇ ಸುತ್ತುತ್ತೆ. 210 ಉತ್ತರಹಳ್ಳಿ ಕಡೆ. 215 ಕನಕಪುರ ರಸ್ತೆ. 226 ಮೈಸೂರು ರಸ್ತೆ. 240ರ ಹತ್ತಿರದ್ದು ಮಾಗಡಿ ರಸ್ತೆ. 250ಕ್ಕೆ ಬಂದ್ರೆ ಪೀಣ್ಯ ಕಡೆ, 258 ನೆಲಮಂಗಲ. 276 ವಿದ್ಯಾರಣ್ಯಪುರ. 285 ಯಲಹಂಕ, ದೊಡ್ಡಬಳ್ಳಾಪುರ. ಇಲ್ಲಿಗೆ ಮುಳ್ಳು ಹನ್ನೆರಡು ದಾಟಿತು. 300 ದಾಟಿದ್ರೆ ಪೂರ್ವ: ಕೆ.ಆರ್.ಪುರ, ಹೊಸಕೋಟೆ. 335 ಎಚ್‌ಎಎಲ್, ವೈಟ್‌ಫೀಲ್ಡ್, ಕಾಡುಗೋಡಿ. 342 ಸರ್ಜಾಪುರ. 356, 360 ಹೊಸೂರು ರಸ್ತೆ. ಕೊನೆಗೆ 365 ಬನ್ನೇರುಘಟ್ಟ. ಸುತ್ತು ಮುಗೀತು, ಮತ್ತೆ ದಕ್ಷಿಣಕ್ಕೇ ಬಂದ್ವಿ.

ಇದೇನು ಕಾನೂನಲ್ಲ, ಹಳೇ ಕ್ರಮ. ಅಪವಾದಗಳು ಬೇಕಾದಷ್ಟಿವೆ. ಆದ್ರೂ ಗೊತ್ತಿಲ್ಲದ ಒಂದು ನಂಬರ್ ಎದುರಿಗೆ ಬಂದಾಗ, 'ಓ, ಇದು 280 ಚಿಲ್ಲರೆ, ಉತ್ತರದ್ದಿರಬೇಕು' ಅಂತ ಅಂದಾಜು ಮಾಡೋಕೆ ಸಾಕು. ಮೊದಲ ಸಲ ನನ್ನ ಅಂದಾಜು ಸರಿ ಬಂದಾಗ ಟ್ಯಾಲಿಯಲ್ಲಿ ಬ್ಯಾಲೆನ್ಸ್ ಶೀಟ್ ತಾಳೆಯಾದಷ್ಟು ಖುಷಿಯಾಗಿತ್ತು.

ಆಮೇಲೆ ಬಾಲ. ನಂಬರ್ ಪಕ್ಕದ ಎ, ಬಿ, ಸಿ, ಡಿ, ಇ. ಹೊಸಬರು ಏನಂದ್ಕೋತಾರೆ ಅಂದ್ರೆ, 335-ಎ, 335-ಇ ಎಲ್ಲಾ ಅಣ್ಣ ತಮ್ಮ, ಯಾವುದು ಹತ್ತಿದ್ರೂ ಆಯ್ತು ಅಂತ. ಅಣ್ಣ ತಮ್ಮಂದಿರೇ, ಆದ್ರೆ ಮನೆ ಬೇರೆ. ಅರ್ಧ ದಾರಿ ಒಟ್ಟಿಗೆ ಬಂದು ಆಮೇಲೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ತಿರುಗ್ತಾನೆ, ಇಲ್ಲಾಂದ್ರೆ ಒಬ್ಬ ನಡುವೆಯೇ ನಿಂತುಬಿಡ್ತಾನೆ. ನೀವು ಇಳಿಯೋ ಜಾಗ ಆ ಕವಲಿಗಿಂತ ಮುಂಚೆ ಇದ್ರೆ ಬಾಲದ ಚಿಂತೆ ಬೇಡ, ಯಾವುದಾದ್ರೂ ಹತ್ತಿ. ಕವಲಿನ ಆಚೆ ಇದ್ರೆ ಮಾತ್ರ ಅಕ್ಷರ ನೋಡಿ. ಇದೊಂದು ತಿಳಿದ್ರೆ ದಿನಕ್ಕೆ ಎಷ್ಟೋ ನಿಮಿಷ ಉಳಿಯುತ್ತೆ.

ಅಕ್ಷರ ನಂಬರಿನ ಮುಂದೆ ಬಂದ್ರೆ ಬೇರೆ ಅರ್ಥ. ಮುಂದೆ 'ವಿ' ಇದ್ರೆ ವಜ್ರ, ಅಂದ್ರೆ ಎ.ಸಿ. ಬಸ್, ದರ ಜಾಸ್ತಿ. 'ಕೆಐಎ' ಏರ್‌ಪೋರ್ಟಿಗೆ ಹೋಗೋ ವಾಯುವಜ್ರ. 'ಎಂಎಫ್' ಮೆಟ್ರೋ ಸ್ಟೇಷನ್ನಿಗೆ ಜನರನ್ನ ತಂದುಬಿಡೋ ಫೀಡರ್. ಹೋದ ತಿಂಗಳು ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಕಲಬುರಗಿಯವರು, ಬಂದ ಹೊಸತು. ಆಧಾರ್ ಕಾರ್ಡ್ ಕೈಯಲ್ಲಿ ಹಿಡ್ಕೊಂಡು ಎ.ಸಿ. ಬಸ್ ಹತ್ತಿ, ಫ್ರೀ ಅಂದ್ಕೊಂಡು ಕೂತು, ಕೊನೆಗೆ ದುಡ್ಡು ಕೊಟ್ಟು ಟಿಕೆಟ್ ತಗೊಂಡ್ರಂತೆ. ಶಕ್ತಿ ಯೋಜನೆ, 2023ರ ಜೂನ್ 11ರಿಂದ ಇರೋದು, ಸಾಮಾನ್ಯ ಬಸ್‌ಗಳಿಗೆ. ವಜ್ರಕ್ಕೆ, ಏರ್‌ಪೋರ್ಟ್ ಬಸ್ಸಿಗೆ ಅನ್ವಯಿಸಲ್ಲ. ಸಾಮಾನ್ಯ ಬಸ್ಸಲ್ಲೂ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಕೇಳಿ ತಗೋಬೇಕು. ಟಿಕೆಟ್ ಇಲ್ಲದೆ ಸುಮ್ಮನೆ ಕೂರೋ ಹಾಗಿಲ್ಲ.

ಹೆಸರುಗಳ ಕಥೆ ಇನ್ನೊಂದು. ಮ್ಯಾಪ್‌ನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಕೆಲವು ಕಡೆ ಚುಟುಕಾಗಿ ಕೆ.ಬಿ.ಎಸ್., ಜನರ ಬಾಯಲ್ಲಿ ಮೆಜೆಸ್ಟಿಕ್. ಮೂರೂ ಒಂದೇ ಅಂತ ಹೊಸಬನಿಗೆ ಹೇಗೆ ಗೊತ್ತಾಗಬೇಕು? ಮೆಜೆಸ್ಟಿಕ್ ಅನ್ನೋದು ಅಲ್ಲಿದ್ದ ಒಂದು ಹಳೇ ಟಾಕೀಸಿನ ಹೆಸರು. ಈಗ ಬಸ್‌ಗಳು ನಿಲ್ಲೋ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಟಾಕೀಸ್ ಹೋಯ್ತು, ಕೆರೆ ಹೋಯ್ತು, ಹೆಸರು ಉಳೀತು. ಮಿನರ್ವ ಸರ್ಕಲ್ಲೂ ಅಷ್ಟೇ, ಅದೂ ಟಾಕೀಸಿನ ಹೆಸರು. ಬರೀ 'ಮಾರ್ಕೆಟ್' ಅಂದ್ರೆ ಕೆ.ಆರ್. ಮಾರ್ಕೆಟ್. ಅದಕ್ಕೇ ಕಂಡಕ್ಟರ್ ಹತ್ರ ನಿಮ್ಮ ಕಂಪನಿ ಹೆಸರೋ ಅಪಾರ್ಟ್‌ಮೆಂಟ್ ಹೆಸರೋ ಹೇಳಿ ಪ್ರಯೋಜನ ಇಲ್ಲ. "ಸಿಲ್ಕ್ ಬೋರ್ಡ್ ಕಡೆನಾ ಸಾರ್?" ಅಂತ ದಿಕ್ಕು ಕೇಳಿ. ಒಂದು ಸೆಕೆಂಡಲ್ಲಿ ತಲೆ ಆಡಿಸ್ತಾರೆ, ಹೌದು ಅಂತಲೋ ಇಲ್ಲ ಅಂತಲೋ.

ಈಗ ಬರೋಣ ನಿಜವಾದ ಸಿಟ್ಟಿಗೆ. ಅರ್ಧ ಗಂಟೆ ಬಿಸಿಲಲ್ಲಿ ಕಾಯ್ತೀರಿ, ಒಂದೂ ಬಸ್ ಇಲ್ಲ. ಆಮೇಲೆ ಒಂದೇ ನಂಬರಿನ ಮೂರು ಬಸ್ ಒಂದರ ಹಿಂದೆ ಒಂದು. ಮೊದಲನೆಯದು ಬಾಗಿಲಲ್ಲಿ ನೇತಾಡೋಷ್ಟು ತುಂಬಿರುತ್ತೆ, ಮೂರನೆಯದು ಖಾಲಿ. ಡ್ರೈವರ್‌ಗಳೆಲ್ಲ ಸೇರಿ ಟೀ ಕುಡೀತಿದ್ರು ಅಂತ ನಾನೂ ಬೈದಿದ್ದೀನಿ. ಆದ್ರೆ ಇದು ಯಾರೂ ಬೇಕು ಅಂತ ಮಾಡೋದಲ್ಲ. ಪ್ರಪಂಚದ ಬಹುತೇಕ ದೊಡ್ಡ ಸಿಟಿಗಳ ಬಸ್ಸಿಗೆ ಇರೋ ಕಾಯಿಲೆ.

ಹೇಗೆ ಅಂದ್ರೆ, ಹತ್ತು ನಿಮಿಷಕ್ಕೊಂದರಂತೆ ಡಿಪೋದಿಂದ ಬಸ್ ಬಿಟ್ರು ಅಂತಿಟ್ಕೊಳ್ಳಿ. ಮೊದಲನೇ ಬಸ್ ಒಂದು ಸಿಗ್ನಲಲ್ಲಿ ಸಿಕ್ಕಿ ನಾಲ್ಕು ನಿಮಿಷ ಲೇಟ್ ಆಯ್ತು. ಆ ನಾಲ್ಕು ನಿಮಿಷದಲ್ಲಿ ಮುಂದಿನ ಸ್ಟಾಪಿಗೆ ಇನ್ನಷ್ಟು ಜನ ಬಂದು ಸೇರಿದ್ರು. ಅಷ್ಟೂ ಜನ ಹತ್ತಬೇಕು, ಇಳಿಯೋರು ನೂಕ್ಕೊಂಡು ಇಳೀಬೇಕು. ಅಲ್ಲಿ ಇನ್ನೊಂದು ನಿಮಿಷ ಹೋಯ್ತು. ಅದರ ಮುಂದಿನ ಸ್ಟಾಪಲ್ಲಿ ಇನ್ನೂ ಜಾಸ್ತಿ ಜನ. ಲೇಟಾದ ಬಸ್ ಇನ್ನೂ ಲೇಟಾಗ್ತಾ ಹೋಗುತ್ತೆ. ಹಿಂದಿನ ಬಸ್ಸಿಗೆ ಉಲ್ಟಾ. ಅದರ ಜನರನ್ನೆಲ್ಲ ಮುಂದಿನದು ಬಳ್ಕೊಂಡು ಹೋಗಿರುತ್ತೆ, ನಿಲ್ಲಿಸೋಕೆ ಕೆಲಸ ಇಲ್ಲ, ಆರಾಮಾಗಿ ಬಂದು ಮುಂದಿನದರ ಬಾಲ ಹಿಡಿಯುತ್ತೆ. ಸ್ವಲ್ಪ ಹೊತ್ತಿಗೆ ಮೂರನೆಯದೂ ಬಂದು ಸೇರ್ಕೊಳ್ಳುತ್ತೆ.

ಹಾಗಾಗಿ ಕಂಡಕ್ಟರ್ "ಹಿಂದ್ಗಡೆ ಖಾಲಿ ಬರ್ತಿದೆ, ಅದರಲ್ಲಿ ಬನ್ನಿ" ಅಂತ ಕೂಗಿದಾಗ ನಾವು ಸುಳ್ಳು ಅಂದ್ಕೋತೀವಲ್ಲ, ಎಷ್ಟೋ ಸಲ ಅದು ನಿಜ. ನೀವು ಮೊದಲನೇ ಬಸ್ಸಿಗೇ ಜೋತುಬಿದ್ರೆ ಅದು ಇನ್ನಷ್ಟು ಲೇಟು.

ನಾನು ಕಾಮರ್ಸ್ ಓದಿದವನು, ಸ್ವಲ್ಪ ಲೆಕ್ಕ ಮಾಡ್ತೀನಿ, ಸಹಿಸ್ಕೊಳ್ಳಿ. ಗಂಟೆಗೆ ಆರು ಬಸ್. ಸರಿಯಾಗಿ ಹತ್ತು ನಿಮಿಷಕ್ಕೊಂದು ಬಂದ್ರೆ, ಗೊತ್ತಿಲ್ಲದೆ ಸ್ಟಾಪಿಗೆ ಬಂದ ನೀವು ಸರಾಸರಿ ಐದು ನಿಮಿಷ ಕಾಯ್ತೀರಿ. ಅದೇ ಆರು ಬಸ್ ಮೂರು ಮೂರರ ಗುಂಪಲ್ಲಿ ಅರ್ಧ ಗಂಟೆಗೊಮ್ಮೆ ಬಂದ್ರೆ, ಸರಾಸರಿ ಕಾಯೋದು ಹದಿನೈದು ನಿಮಿಷ. ಬಸ್ ಅಷ್ಟೇ, ಡೀಸೆಲ್ ಅಷ್ಟೇ, ಡ್ರೈವರ್ ಸಂಬಳ ಅಷ್ಟೇ. ಕಾಗದದ ಮೇಲೆ 'ಗಂಟೆಗೆ ಆರು ಸರ್ವಿಸ್' ಅನ್ನೋದೂ ಸತ್ಯ. ನಿಮ್ಮ ಕಾಯುವ ಹೊತ್ತು ಮಾತ್ರ ಮೂರು ಪಟ್ಟು. ಬಸ್ಸಿಗೇ ಬೇರೆ ಲೇನ್ ಕೊಡಬೇಕು ಅಂತ ಸಾರಿಗೆ ಗೊತ್ತಿರೋರು ಹೇಳೋದಕ್ಕೆ ಇದೂ ಒಂದು ಕಾರಣ. ಬರೀ ಬಸ್ ಸಂಖ್ಯೆ ಜಾಸ್ತಿ ಮಾಡಿ ಅದೇ ಟ್ರಾಫಿಕ್ಕಿಗೆ ಬಿಟ್ರೆ ಗುಂಪು ಇನ್ನೂ ದೊಡ್ಡದಾಗುತ್ತೆ ಅಷ್ಟೇ.

ಆಪ್‌ಗಳ ಬಗ್ಗೆ ಒಂದೇ ಮಾತು. ಆಪ್‌ನಲ್ಲಿ ಕಾಣೋ ಸಮಯ ವೇಳಾಪಟ್ಟಿಯದ್ದಾ ಅಥವಾ ಬಸ್ ಈಗ ಎಲ್ಲಿದೆ ಅನ್ನೋ ಲೈವ್ ಮಾಹಿತಿಯಾ, ಮೊದಲು ನೋಡಿ. ವೇಳಾಪಟ್ಟಿ ಅಂದ್ರೆ ಬೆಳಗ್ಗೆ ಮಾಡಿದ ಆಸೆ. 'ನಮ್ಮ ಬಿಎಂಟಿಸಿ' ಆಪ್‌ನಲ್ಲಿ 2023ರಿಂದ ಲೈವ್ ಟ್ರ್ಯಾಕಿಂಗ್ ಇದೆ. ಹಿಂದೆ ಇನ್ನೊಂದು ಬಸ್ ಹತ್ತಿರದಲ್ಲೇ ಬರ್ತಿದೆ ಅಂತ ಕಂಡ್ರೆ, ತುಂಬಿದ ಬಸ್ಸನ್ನ ನಿಶ್ಚಿಂತೆಯಿಂದ ಬಿಟ್ಟುಬಿಡಿ.

ನನ್ನ ಕಥೆ ಅರ್ಧಕ್ಕೇ ನಿಂತಿತ್ತು. ಆ ಇಂಟರ್‌ವ್ಯೂ ಹೋದ ಮೇಲೆ ಬಸ್ ಸಹವಾಸವೇ ಬೇಡ ಅನ್ನಿಸ್ತು. ಮೂರು ವಾರ ಆದ್ಮೇಲೆ ಒಬ್ಬ ಆಡಿಟರ್ ಹತ್ರ ಕೆಲಸ ಸಿಕ್ತು, ಜಯದೇವ ಆಸ್ಪತ್ರೆಯಿಂದ ಹತ್ತು ನಿಮಿಷ ನಡೆದ್ರೆ ಆಫೀಸು. ಸಂಬಳ ಹದಿನಾಲ್ಕು ಸಾವಿರ. ಲೇಟಾಗೋ ಭಯಕ್ಕೆ ಬೆಳಗ್ಗೆ ಶೇರ್ ಕ್ಯಾಬು, ಸಂಜೆ ಆಟೋ. ತಿಂಗಳ ಕೊನೆಗೆ ಲೆಕ್ಕ ಹಾಕಿದ್ರೆ ಐದು ಸಾವಿರದ ಇನ್ನೂರು ಬರೀ ಓಡಾಟಕ್ಕೆ. ಪಿಜಿಗೆ ಆರು ಸಾವಿರ. ಮನೆಗೆ ಕಳಿಸ್ತೀನಿ ಅಂದಿದ್ದ ಮೂರು ಸಾವಿರದಲ್ಲಿ ಒಂದು ರೂಪಾಯಿ ಕಳಿಸಲಿಲ್ಲ. ಬೇರೆಯವರ ಲೆಕ್ಕಪತ್ರ ತಿದ್ದೋ ಕೆಲಸ, ನನ್ನ ಲೆಕ್ಕ ಹೀಗೆ.

ಆಫೀಸಲ್ಲಿ ಹಿರಿಯ ಕ್ಲರ್ಕ್ ಒಬ್ಬರು ಮೇಡಂ ಇದ್ರು. ದಿನಾ ಹೊಸಕೋಟೆಯಿಂದ ಬರ್ತಿದ್ರು, ಬಸ್ಸಲ್ಲೇ. ನನಗಿಂತ ಎರಡು ಪಟ್ಟು ದೂರ, ಆದ್ರೂ ನನಗಿಂತ ಮೊದಲೇ ಬಂದು ಕೂತಿರ್ತಿದ್ರು. ಒಂದಿನ ಕೇಳಿದೆ: "ಮೇಡಂ, ನಿಮಗೆ ಡೈರೆಕ್ಟ್ ಬಸ್ ಇದೆಯಾ?"

"ಡೈರೆಕ್ಟ್ ಬಸ್ಸಿಗೆ ಕಾಯೋನು ಆಫೀಸ್ ಸೇರಲ್ಲ ಕಣೋ" ಅಂದ್ರು. "ನಂಗೆ ಮೂರು ಬಸ್ಸು. ನಮ್ಮ ಕಡೆಯಿಂದ ಟಿನ್ ಫ್ಯಾಕ್ಟರಿಗೆ ಯಾವ್ದಾದ್ರೂ. ಅಲ್ಲಿಂದ ಸಿಲ್ಕ್ ಬೋರ್ಡ್‌ಗೆ ಯಾವ್ದಾದ್ರೂ. ಅಲ್ಲಿಂದ ಇಲ್ಲಿಗೆ ಯಾವ್ದಾದ್ರೂ. ಎಲ್ಲೂ ಜಾಸ್ತಿ ಹೊತ್ತು ನಿಲ್ಲಲ್ಲ ನಾನು."

ಆ 'ಯಾವ್ದಾದ್ರೂ' ಅನ್ನೋ ಪದದಲ್ಲೇ ಎಲ್ಲಾ ಇತ್ತು. ನಾನು ಕೆಲವು ದಿನ ಧೈರ್ಯ ಮಾಡಿ ಬಸ್ಸಿಗೆ ಹೋದಾಗಲೂ ಮಾರತ್ತಹಳ್ಳಿಯಲ್ಲಿ ನಿಂತು ಬನಶಂಕರಿ ಕಡೆಗೆ ಹೋಗೋ ನೇರ ಬಸ್ಸನ್ನೇ ಕಾಯ್ತಿದ್ದೆ. ಕಣ್ಣೆದುರು ಸಿಲ್ಕ್ ಬೋರ್ಡಿಗೆ ನಾಲ್ಕು ಬಸ್ ಹೋದ್ರೂ ಹತ್ತುತ್ತಿರಲಿಲ್ಲ, ನನ್ನ ನಂಬರ್ ಅಲ್ಲ ಅಂತ. ಊರಿಂದ ಬಂದವರ ಅಭ್ಯಾಸ ಅದು. ನಮ್ಮೂರಿಗೆ ನಮ್ಮೂರ ಬಸ್ಸೇ ಬರಬೇಕು. ಸಿಟಿಯಲ್ಲಿ ಬಸ್ ಓಡೋದು ನಿಮ್ಮ ಮನೆಯಿಂದ ನಿಮ್ಮ ಆಫೀಸಿಗಲ್ಲ, ಒಂದು ದೊಡ್ಡ ರಸ್ತೆಯ ಮೇಲೆ, ಒಂದು ಜಂಕ್ಷನ್ನಿಂದ ಇನ್ನೊಂದಕ್ಕೆ. ನೀವು ಕಲೀಬೇಕಾದ್ದು ನಿಮ್ಮ ರಸ್ತೆಯ ಎರಡು ತುದಿ, ಬದಲಾಯಿಸೋ ಒಂದೆರಡು ಜಂಕ್ಷನ್.

ಇಲ್ಲೇ 500ರ ಮಹತ್ವ ಇರೋದು. ಆಗ ಹೇಳಿದೆನಲ್ಲ, ಗಡಿಯಾರದ ನಂಬರ್‌ಗಳು. ಅವು ಎಲ್ಲರೂ ಮೆಜೆಸ್ಟಿಕ್ ಕಡೆಗೆ ಹೋಗ್ತಿದ್ದ ಕಾಲದ ಲೆಕ್ಕ. ಈಗ ನಮ್ಮಂಥವರ ಕೆಲಸ ಇರೋದು ಔಟರ್ ರಿಂಗ್ ರೋಡಲ್ಲಿ, ಪಿಜಿ ಇರೋದೂ ಅಲ್ಲೇ. ಎಷ್ಟೋ ಜನ ತಿಂಗಳುಗಟ್ಟಲೆ ಮೆಜೆಸ್ಟಿಕ್ ಮುಖ ನೋಡಿರಲ್ಲ. 500ರ ಸರಣಿ ಈ ರಿಂಗ್ ರೋಡಿನದ್ದು. ಮೆಜೆಸ್ಟಿಕ್‌ನಿಂದ ಹೊರಟ ಕಡ್ಡಿಗಳನ್ನೆಲ್ಲ ಹೊರಗಡೆಯಿಂದ ಕಟ್ಟಿರೋ ದಾರದ ಥರ. ಒಂದು 500 ಹಿಡಿದು ನಿಮ್ಮ ಕಡ್ಡಿಯ ತನಕ ಹೋಗಿ, ಅಲ್ಲಿಂದ ಇನ್ನೊಂದು ಹಿಡಿದ್ರೆ ಆಯ್ತು. ಹೆಬ್ಬಾಳ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್: ಈ ನಾಲ್ಕು ಹೆಸರು ಇದೇ ಕ್ರಮದಲ್ಲಿ ಬಾಯಿಪಾಠ ಮಾಡ್ಕೊಳ್ಳಿ. ನನಗೆ ಗೊತ್ತಿದ್ದಿದ್ರೆ ಆವತ್ತು ಹನ್ನೊಂದೂ ಇಪ್ಪತ್ತಾಗ್ತಿರಲಿಲ್ಲ.

ಬದಲಾಯಿಸೋಕೆ ಹೊಸಬರು ಹಿಂದೇಟು ಹಾಕೋದು ದುಡ್ಡಿಗಾಗಿ. ನ್ಯಾಯವೇ. ಪ್ರತಿ ಬಸ್ಸಿಗೂ ಹೊಸ ಟಿಕೆಟ್, ಮತ್ತೆ ಕನಿಷ್ಠ ದರದಿಂದ ಶುರು. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿದ ಮೇಲೆ ಸಾಮಾನ್ಯ ಬಸ್ಸಿನ ಕನಿಷ್ಠ ಟಿಕೆಟ್ 6 ರೂಪಾಯಿ. ಅದಕ್ಕೇ ಪಾಸ್. ಆ ಏರಿಕೆಯ ನಂತರ ಸಾಮಾನ್ಯ ಬಸ್ಸಿನ ದಿನದ ಪಾಸ್ 80, ತಿಂಗಳದ್ದು 1,200. ತಿಂಗಳಿಗೆ 24 ದಿನ ಆಫೀಸ್ ಅಂದ್ರೆ ದಿನಕ್ಕೆ 50 ರೂಪಾಯಿ ಬಿತ್ತು. ಹೋಗಿ ಬರೋ ಟಿಕೆಟೆಲ್ಲ ಸೇರಿ 50ರೊಳಗೆ ಮುಗಿಯೋದಾದ್ರೆ ಪಾಸ್ ಬೇಡ, ಸುಮ್ಮನೆ ನಷ್ಟ. ವಾರಕ್ಕೆ ಮೂರೇ ದಿನ ಆಫೀಸಿಗೆ ಹೋಗೋರಿಗೂ ಬೇಡ. ಅದಕ್ಕಿಂತ ಜಾಸ್ತಿ ಆದ್ರೆ ಕಣ್ಣು ಮುಚ್ಚಿ ತಗೊಳ್ಳಿ. ನಾನು 2019ರಲ್ಲಿ ತಗೊಂಡಾಗ 1,050 ಇತ್ತು. ದುಡ್ಡು ಉಳಿದಿದ್ದು ಒಂದು ಕಡೆ. ನಿಜವಾದ ಲಾಭ ಬೇರೆ: ಪಾಸ್ ಜೇಬಲ್ಲಿದ್ರೆ ತಪ್ಪು ಬಸ್ ಹತ್ತಿದ್ರೂ ಇಳಿದು ಇನ್ನೊಂದು ಹತ್ತಬಹುದು, ಒಂದು ಪೈಸೆ ಹೆಚ್ಚಿಗೆ ಇಲ್ಲ. ಚಿಲ್ಲರೆ ತಲೆನೋವೂ ಇಲ್ಲ, ಟಿಕೆಟ್ ಹಿಂದೆ ಬರೆದಿದ್ದ ಬಾಕಿ ಕೇಳೋಕೆ ಮರೆತು ಇಳಿದು ಆಮೇಲೆ ಹಲ್ಲು ಕಡಿಯೋದೂ ಇಲ್ಲ. ನಾನು ಬೆಂಗಳೂರನ್ನ ನೋಡಿದ್ದು ಆ ತಿಂಗಳು. ಭಾನುವಾರ ಸುಮ್ಮನೆ ಯಾವುದೋ ನಂಬರ್ ಹತ್ತಿ ಕೊನೇ ಸ್ಟಾಪ್ ತನಕ ಹೋಗಿ, ಟೀ ಕುಡಿದು, ಅದೇ ಬಸ್ಸಲ್ಲಿ ವಾಪಸ್. ಗಡಿಯಾರದ ವಿಷಯ ನನಗೆ ಹೊಳೆದಿದ್ದೂ ಹಾಗೆ ಸುತ್ತಿ ಸುತ್ತಿಯೇ. ಎರಡನೇ ತಿಂಗಳು ಅವ್ವನಿಗೆ ಮೂರು ಸಾವಿರ ಹೋಯ್ತು.

ಒಂದು ದೂರು ಮಾತ್ರ ಉಳಿಸ್ಕೊಂಡಿದ್ದೀನಿ. ಆರು ಸಾವಿರಕ್ಕೂ ಹೆಚ್ಚು ಬಸ್ ಇರೋ ಊರು ಇದು. ಅದನ್ನ ಬಳಸೋಕೆ ಬೇಕಾದ ಮಾಹಿತಿ ಬಹುಪಾಲು ಜನರ ಬಾಯಲ್ಲೇ ಇದೆ. ಹೊಸಕೋಟೆ ಮೇಡಂ ಥರದವರು ಸಿಕ್ರೆ ಅದೃಷ್ಟ. ಸಿಗದವರು ಸಾಲ ಮಾಡಿ ಸ್ಕೂಟರ್ ತಗೋತಾರೆ, ಅದೇ ಟ್ರಾಫಿಕ್ಕಿಗೆ ಇನ್ನೊಂದು ಗಾಡಿ. ಪ್ರತಿ ಸ್ಟಾಪಲ್ಲೂ ಜಾಹೀರಾತಿಗೆ ಜಾಗ ಇರುತ್ತಲ್ಲ, ಅದರ ಪಕ್ಕ ಒಂದು ಮೊಳ ಜಾಗದಲ್ಲಿ 'ಈ ಬದಿಯ ಬಸ್‌ಗಳು ಇಂಥ ಕಡೆಗೆ' ಅಂತ ಬಾಣದ ಗುರುತು ಬರೆದ್ರೂ ಸಾಕು. ಬಣ್ಣ, ಬ್ರಷ್ಷು, ಅರ್ಧ ದಿನದ ಕೆಲಸ.

ಅಲ್ಲಿ ತನಕ ನಾವೇ ಮಾಡ್ಕೊಳ್ಳೋಣ. ನೀವು ದಿನಾ ಓಡಾಡೋ ಬಸ್ಸಿನ ನಂಬರ್, ಅದರ ಎರಡು ತುದಿ, ನಡುವೆ ಬದಲಾಯಿಸೋಕೆ ಒಳ್ಳೇ ಜಾಗ ಯಾವುದು, ಇಷ್ಟನ್ನ ಮೂವತ್ತು ಸೆಕೆಂಡಿನ ವಾಯ್ಸ್ ನೋಟ್ ಮಾಡಿ ಕಳಿಸಿ. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರಿನವರೂ ಕಳಿಸಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಬೇರೆ ಲೇನೇ ಇದೆ, ಅದರ ಬಗ್ಗೆ ದಿನಾ ಹೋಗೋರ ಬಾಯಲ್ಲೇ ಕೇಳೋ ಆಸೆ ನನಗೆ. ಎಲ್ಲವನ್ನೂ ಸೇರಿಸಿ ಒಂದು ಸಂಚಿಕೆ ಮಾಡ್ತೀನಿ.

ಮುಂದಿನ ವಾರ ಪಿಜಿ ಅಡ್ವಾನ್ಸ್ ವಾಪಸ್ ತಗೊಳ್ಳೋದು ಹೇಗೆ ಅಂತ ಮಾತಾಡೋಣ. ಅದರಲ್ಲೂ ನನ್ನ ಮರ್ಯಾದೆ ಹೋದ ಕಥೆ ಇದೆ. (ನಗು) ಈಗ ಇಯರ್‌ಫೋನ್ ತೆಗೀರಿ, ನಿಮ್ಮ ಸ್ಟಾಪ್ ಬಂತೇನೋ ನೋಡಿ.